ಪಗಾರಕ್ಕೆ ಅರ್ಹರು ಯಾರು? ವಿಜಯಪುರ ಜಿಲ್ಲೆಯ ನಾಡಕಚೇರಿ ಮಾಸಾಶನ ಸೇವೆಯ ವಿಮರ್ಶೆ

ರೇಶನ್ ಕಾರ್ಡ್ ಇದ್ದರೆ ಪಗಾರ ಬಂದೇ ಬರುತ್ತದೆ ಅನ್ನುವ ನಂಬಿಕೆ ಇಂಡಿಯಿಂದ ಮುದ್ದೇಬಿಹಾಳದವರೆಗೂ ಇದೆ. ಪಗಾರ ಅಂದರೆ ಈ ಭಾಗದಲ್ಲಿ ಸರ್ಕಾರದ ಮಾಸಾಶನ: ವೃದ್ಧಾಪ್ಯ, ಸಂಧ್ಯಾ ಸುರಕ್ಷಾ, ವಿಧವಾ, ಅಂಗವಿಕಲ, ಮದುವೆಯಾಗದ ಮತ್ತು ವಿಚ್ಛೇದಿತ ಹೆಣ್ಣುಮಕ್ಕಳ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರ ಮೈತ್ರಿ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಮಾಸಾಶನಕ್ಕೆ 32,000. ಈ ಎರಡು ಅಂಕಿಗಳ ನಡುವೆ ಸಿಕ್ಕವರು ಕಾರ್ಡ್ ಹಿಡಿದುಕೊಂಡು ನಾಡಕಚೇರಿಗೆ ಹೋಗಿ ಬರಿಗೈಲಿ ವಾಪಸ್ ಬರುತ್ತಾರೆ.

ಅರ್ಜಿ ಕೊಡುವ ಕೆಲಸ ಸುಲಭವಾಗಿದೆ, ಅದನ್ನು ಒಪ್ಪಲೇಬೇಕು. ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಾದರೂ ಕೊಡಬಹುದು, ಊರಿನ ಗ್ರಾಮ ಒನ್‌ನಲ್ಲಾದರೂ ಕೊಡಬಹುದು. ಆಧಾರ್, ರೇಶನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಫೋಟೊ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಇದ್ದರೆ ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಕಷ್ಟ ಇರುವುದು ಅಲ್ಲಿಗೆ ಹೋಗುವ ಮುಂಚೆ. ಅರ್ಹತೆ ನಿಜವಾಗಿ ತೀರ್ಮಾನವಾಗುವುದು ಮಾಸಾಶನದ ಅರ್ಜಿಯಲ್ಲಿ ಅಲ್ಲ, ಆದಾಯ ಪ್ರಮಾಣಪತ್ರದಲ್ಲಿ ಮತ್ತು ಆಧಾರಿನ ಹುಟ್ಟಿದ ದಿನಾಂಕದಲ್ಲಿ. ಈ ಎರಡನ್ನು ಸರಿಮಾಡಿಕೊಳ್ಳದೆ ಕೌಂಟರಿನ ಮುಂದೆ ನಿಂತರೆ ದಿನದ ಕೂಲಿ ಹೋದದ್ದೇ ಬಂತು.

ಮೊದಲು ಆದಾಯ. 32,000 ಅಂದರೆ ದಿನಕ್ಕೆ 88 ರೂಪಾಯಿಗೂ ಕಡಿಮೆ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡ ಹೆಂಡತಿ ಇಬ್ಬರ ಹಾಜರಿ ಸೇರಿ 87 ದಿನವಾದರೆ ಮಿತಿ ದಾಟಿತು; ಸರ್ಕಾರವೇ ಒಂದು ಮನೆಗೆ ಖಾತರಿ ಕೊಟ್ಟಿದ್ದ ನೂರು ದಿನ ಪೂರ್ತಿ ದುಡಿದರೆ 37,000. ಒಂದು ಯೋಜನೆ ಕೊಟ್ಟ ಕೂಲಿ ಇನ್ನೊಂದು ಯೋಜನೆಯಿಂದ ಮನುಷ್ಯನನ್ನು ಹೊರಗೆ ಹಾಕುವಷ್ಟು ಈ ಮಿತಿ ಹಳತಾಗಿದೆ. ಇದನ್ನು ಸರಿಪಡಿಸುವುದು ನಾಡಕಚೇರಿಯ ಕೈಯಲ್ಲಿಲ್ಲ, ಸರ್ಕಾರದ ಆದೇಶವೇ ಬೇಕು. ಆದರೆ ಅದರ ಬಿಸಿ ತಟ್ಟುವುದು ತಲಾಟಿಗೂ ಅರ್ಜಿದಾರರಿಗೂ.

ತಲಾಟಿ, ಅಂದರೆ ಈಗಿನ ಹೆಸರಲ್ಲಿ ಗ್ರಾಮ ಆಡಳಿತ ಅಧಿಕಾರಿ, ಊರಿಗೆ ಬಂದು ವಿಚಾರಿಸಿ ವರದಿ ಬರೆಯುತ್ತಾರೆ. ಅದನ್ನು ಕಂದಾಯ ನಿರೀಕ್ಷಕರು ನೋಡುತ್ತಾರೆ, ಉಪತಹಶೀಲ್ದಾರರು ಡಿಜಿಟಲ್ ಸಹಿ ಹಾಕುತ್ತಾರೆ. ಕೂಲಿಯವರಿಗೆ ಸಂಬಳದ ಚೀಟಿ ಇರುವುದಿಲ್ಲ. ಹಾಗಾಗಿ ಆದಾಯದ ಅಂಕಿ ಹೊಲ, ಕಸುಬು, ಮನೆ, ದನಕರು ನೋಡಿ ಮಾಡುವ ಅಂದಾಜು. ಈ ಅಂದಾಜು ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಅರ್ಜಿದಾರರು ಮೊದಲೇ ತಿಳಿದಿರಬೇಕು.

ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಇನ್ನೂ ತೀರಿಹೋದ ಅಪ್ಪನ ಹೆಸರೇ ಇದ್ದರೆ, ನಾಲ್ಕು ಜನ ಅಣ್ಣತಮ್ಮಂದಿರ ಎಂಟು ಎಕರೆ ಒಬ್ಬನದೇ ಅನ್ನಿಸುತ್ತದೆ. ವಾರ್ಸಾ ಮಾಡಿಸಿ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಿ, ಹಿಸ್ಸೆಯಂತೆ ಹೆಸರು ಕೂಡಿಸಿಕೊಂಡಿದ್ದರೆ ಪಾಲಿಗೆ ಬರುವುದು ಎರಡೇ ಎಕರೆ. ಎರಡನೆಯದು ಹಳೆಯ ಆದಾಯ ಪ್ರಮಾಣಪತ್ರ. ಮೊಮ್ಮಗನ ಸ್ಕಾಲರ್‌ಶಿಪ್ಪಿಗೆ ಎರಡು ವರ್ಷದ ಹಿಂದೆ ಮಾಡಿಸಿದ್ದರಲ್ಲಿ ಇಡೀ ಮನೆಯ ಆದಾಯ 60,000 ಅಂತ ಇದ್ದರೆ, ಅದೇ ಆರ್‌ಡಿ ಸಂಖ್ಯೆಯನ್ನು ಮಾಸಾಶನಕ್ಕೆ ಕೊಟ್ಟಾಗ ಅರ್ಜಿ ಬಿತ್ತು. ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುವುದರಿಂದ ಜನ ಹೊಸದು ಯಾಕೆ ಅನ್ನುತ್ತಾರೆ. ಮಾಸಾಶನಕ್ಕೆಂದೇ, ಅರ್ಜಿದಾರರ ಹೆಸರಲ್ಲೇ ಹೊಸದಾಗಿ ಮಾಡಿಸಿಕೊಳ್ಳುವುದು ಲೇಸು.

ಸಂಧ್ಯಾ ಸುರಕ್ಷಾಕ್ಕೆ ಲೆಕ್ಕಕ್ಕೆ ಬರುವುದು ಗಂಡ ಹೆಂಡತಿಯ ಆದಾಯ ಮಾತ್ರ. ಬೆಳೆದ ಮಕ್ಕಳಿದ್ದೂ ಅವರು ನೋಡಿಕೊಳ್ಳದಿದ್ದರೆ ಅರ್ಹತೆ ತಪ್ಪುವುದಿಲ್ಲ. ‘ಮಗ ಪುಣೆದಾಗ ದುಡೀತಾನ, ನಿಮಗ ಬರೂದಿಲ್ಲ’ ಅಂತ ಯಾರಾದರೂ ಅಂದರೆ ಒಪ್ಪಿಕೊಂಡು ಎದ್ದು ಬರಬೇಡಿ. ಮಗ ದುಡ್ಡು ಕಳಿಸುವುದಿಲ್ಲ ಅನ್ನುವುದನ್ನು ಸ್ಥಳ ವಿಚಾರಣೆ ಹೊತ್ತಿಗೆ ನೆರೆಹೊರೆಯವರ ಮುಂದೆ ಹೇಳಿ, ವರದಿಯಲ್ಲಿ ಬರೆಸಿ.

ಇನ್ನು ವಯಸ್ಸು. ವೃದ್ಧಾಪ್ಯ ವೇತನಕ್ಕೆ 60, ಸಂಧ್ಯಾ ಸುರಕ್ಷಾಕ್ಕೆ 65. ಶಾಲೆ ಕಾಣದ ಹಿರಿಯರ ಆಧಾರಿನಲ್ಲಿ ಜನವರಿ 1 ಅಂತ ದಿನಾಂಕ ಇರುವುದು ಮಾಮೂಲು. ವರ್ಷ ಮಾತ್ರ ಅಂದಾಜಿನದು. ಕ್ಯಾಂಪಿನಲ್ಲಿ ಆ ಅಂದಾಜು ಹತ್ತು ವರ್ಷ ತಪ್ಪಾಗಿ ಬಿದ್ದಿದ್ದರೆ, ಮತದಾರರ ಪಟ್ಟಿಯಲ್ಲಿ 68 ಇದ್ದವರು ಆಧಾರಿನಲ್ಲಿ 58 ಆಗಿರುತ್ತಾರೆ. ಕಂಪ್ಯೂಟರ್ ನಂಬುವುದು ಆಧಾರನ್ನು. ಆಧಾರಿನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ ಇರುವುದು, ಅದೂ ದಾಖಲೆ ಸಮೇತ. ಆದ್ದರಿಂದ ಸರಿಯಾದ ದಾಖಲೆ ಕೈಯಲ್ಲಿ ಇಲ್ಲದೆ ಆಧಾರ್ ಕೇಂದ್ರಕ್ಕೆ ಹೋಗಿ ಆ ಒಂದು ಅವಕಾಶ ಕಳೆದುಕೊಳ್ಳಬಾರದು. ಹೆಸರಿನ ಗೊಂದಲವೂ ಇದೇ ಜಾತಿಯದು. ನಮ್ಮ ಕಡೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ದೊಡ್ಡದು. ರೇಶನ್ ಕಾರ್ಡಿನಲ್ಲಿ ಅಡ್ಡಹೆಸರು ಇದ್ದು ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಈ ವಿಷಯದಲ್ಲಿ ಮೆಚ್ಚಲೇಬೇಕಾದ ಒಂದು ಸಂಗತಿ ನವೋದಯ ಆ್ಯಪ್. ಅರವತ್ತು ತುಂಬಿದ ಬಿಪಿಎಲ್ ಕುಟುಂಬದವರ ಪಟ್ಟಿ ಇಲಾಖೆಯ ದತ್ತಾಂಶದಿಂದಲೇ ಹೊರಬರುತ್ತದೆ, ತಲಾಟಿ ಮನೆಗೇ ಬಂದು ವಿವರ ತುಂಬಿಕೊಳ್ಳುತ್ತಾರೆ, ಅರ್ಜಿಯೇ ಇಲ್ಲದೆ ಮಂಜೂರಾಗುತ್ತದೆ. ಏಜೆಂಟನಿಗೆ ದುಡ್ಡು ಕೊಡುವ ಪ್ರಮೇಯ ಇದರಲ್ಲಿ ಇಲ್ಲ. 155245 ಸಹಾಯವಾಣಿಗೆ ಫೋನ್ ಮಾಡಿ ಹೇಳಿಕೊಳ್ಳುವ ದಾರಿಯನ್ನೂ 2022ರಲ್ಲಿ ತೆರೆದರು. ಆದರೆ ಆಧಾರಿನಲ್ಲಿ ವಯಸ್ಸು ಕಡಿಮೆ ಬಿದ್ದವರು ನವೋದಯದ ಪಟ್ಟಿಗೂ ಬರುವುದಿಲ್ಲ. ಗಟ್ಟಿ ದಾಖಲೆ ಇದ್ದವರಿಗೆ ಮನೆ ಬಾಗಿಲಿಗೆ ಬರುವ ಸೇವೆ, ಹೆಚ್ಚು ಅಗತ್ಯ ಇದ್ದವರ ಬಾಗಿಲು ದಾಟಿ ಹೋಗುತ್ತದೆ.

ವಿಧವಾ ವೇತನದ ಸಂಕಟ ಇನ್ನೂ ಗಂಭೀರ. ಈ ಜಿಲ್ಲೆಯಿಂದ ಗೋವಾಕ್ಕೆ, ಮುಂಬೈಗೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುವವರು ಬಹಳ. ಗಂಡ ಅಲ್ಲೇ ತೀರಿದರೆ ಸಾವಿನ ನೋಂದಣಿ ಆಗಬೇಕಾದದ್ದು ಸತ್ತ ಜಾಗದಲ್ಲಿ. ಹೆಣವನ್ನು ಊರಿಗೆ ತಂದು ಮಣ್ಣು ಮಾಡಿದರೂ ಊರಿನ ಪಂಚಾಯತಿ ಮರಣ ಪ್ರಮಾಣಪತ್ರ ಕೊಡಲು ಬರುವುದಿಲ್ಲ. 21 ದಿನದೊಳಗೆ ತಿಳಿಸಿದರೆ ಸರಳ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದೂ ಆ ರಾಜ್ಯದಲ್ಲಿ. ಮರಣ ಪ್ರಮಾಣಪತ್ರ ಇಲ್ಲದೆ ವಿಧವಾ ವೇತನದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅಲ್ಲಿಂದ ಹೊರಡುವ ಮುಂಚೆ ಸಾವಿನ ವರದಿ ಯಾವ ನೋಂದಣಿ ಕಚೇರಿಗೆ ಹೋಯಿತು ಅಂತ ಕೇಳಿ ಬರೆದಿಟ್ಟುಕೊಂಡರೆ ಮುಂದಿನ ಅಲೆದಾಟ ಅರ್ಧ ತಪ್ಪುತ್ತದೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು 800 ರೂಪಾಯಿಗಾಗಿ ಇನ್ನೊಂದು ರಾಜ್ಯದ ಕಚೇರಿಗೆ ಓಡಾಡುವುದು ಅನ್ಯಾಯ. ಎರಡೂ ರಾಜ್ಯಗಳ ನೋಂದಣಿ ಕಚೇರಿಗಳು ನೇರವಾಗಿ ಕಾಗದ ಕಳಿಸಿಕೊಂಡರೆ ಮುಗಿಯುವ ಕೆಲಸ ಇದು.

ಅಂಗವಿಕಲ ವೇತನದಲ್ಲಿ ಗೊಂದಲ ಕಡಿಮೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಅಂಗವೈಕಲ್ಯ ಶೇ 40 ಅಥವಾ ಹೆಚ್ಚು ಇರಬೇಕು. ಶೇ 75 ದಾಟಿದರೆ ಮೊತ್ತ 1,400.

ಒಬ್ಬರಿಗೆ ಒಂದೇ ಮಾಸಾಶನ. ವಿಧವಾ ವೇತನ ಪಡೆಯುತ್ತಿರುವವರು 65 ತುಂಬಿತೆಂದು 1,200 ರೂಪಾಯಿಯ ಸಂಧ್ಯಾ ಸುರಕ್ಷಾಕ್ಕೂ ಅರ್ಜಿ ಹಾಕಿ ಎರಡನ್ನೂ ಪಡೆಯಲು ಆಗುವುದಿಲ್ಲ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದವರೂ ಎಚ್ಚರದಿಂದಿರಬೇಕು: ಆ ಕಾಯ್ದೆಯ ವ್ಯಾಪ್ತಿಗೆ ಬರುವವರನ್ನು ಸಂಧ್ಯಾ ಸುರಕ್ಷಾದಿಂದ ಹೊರಗಿಟ್ಟಿದ್ದಾರೆ. ಮಕ್ಕಳ ಸ್ಕಾಲರ್‌ಶಿಪ್ ಆಸೆಗೆ ಗೌಂಡಿ ಕೆಲಸ ಮಾಡದವರೂ ಆ ಕಾರ್ಡ್ ಮಾಡಿಸಿದ್ದು ಮುಪ್ಪಿನಲ್ಲಿ ಅಡ್ಡ ಬರುತ್ತದೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಇಳಕಲ್ಲ, ಗುಳೇದಗುಡ್ಡದ ನೇಕಾರರಿಗೆ ಮಾತ್ರ ಕಸುಬಿನ ಗುರುತಿನ ಚೀಟಿ ಅನುಕೂಲವೇ, ಯಾಕೆಂದರೆ ಸಂಧ್ಯಾ ಸುರಕ್ಷಾದ ಅರ್ಹರ ಪಟ್ಟಿಯಲ್ಲಿ ನೇಕಾರರ ಹೆಸರೇ ಇದೆ.

ಮಂಜೂರಾದ ಮೇಲೂ ದುಡ್ಡು ಬರದಿರಬಹುದು. ಹಣ ಹೋಗುವುದು ಆಧಾರ್ ಮೂಲಕ. ಪಾಸ್‌ಬುಕ್ಕಿಗೆ ಆಧಾರ್ ಜೋಡಿಸಿದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಹಣ ಯಾವ ಬ್ಯಾಂಕಿಗೆ ಅನ್ನುವ ನೋಂದಣಿ, ಯಾವ ಬ್ಯಾಂಕಿಗೆ ಆಗಿದೆಯೋ ಅಲ್ಲಿಗೇ ಹಣ ಬೀಳುತ್ತದೆ. ಎರಡು ಮೂರು ಖಾತೆ ಇದ್ದವರು ತಿಂಗಳುಗಟ್ಟಲೆ ಒಂದು ಬ್ಯಾಂಕಿನಲ್ಲಿ ವಿಚಾರಿಸುತ್ತಾರೆ, ಹಣ ಇನ್ನೊಂದರಲ್ಲಿ ಕೂಡುತ್ತಿರುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಹಾಕಿದರೆ ಯಾವ ತಿಂಗಳ ಹಣ ಯಾವ ಬ್ಯಾಂಕಿಗೆ ಹೋಯಿತು ಅಂತ ಕಾಣುತ್ತದೆ. ಗುಳೆ ಹೋದಾಗ ಮನೆಗೆ ಬೀಗ ಇದ್ದು ಪರಿಶೀಲನೆಗೆ ಬಂದವರಿಗೆ ಸಿಗದಿದ್ದರೆ ಪಗಾರ ನಿಲ್ಲುವ ಅಪಾಯವೂ ಇದೆ. ಹೋಗುವ ಮುಂಚೆ ತಲಾಟಿಗೆ ಫೋನ್ ನಂಬರ್ ಕೊಟ್ಟು ಹೋಗುವುದು ಒಳ್ಳೆಯದು.

ಅಂಕ ಕೊಡುವುದಾದರೆ ಐದಕ್ಕೆ ಮೂರು. ದಾಖಲೆ ಹೊಂದಿಕೆಯಾದವರಿಗೆ ಇದು ನಾಲ್ಕರ ಸೇವೆ. ಉತಾರ, ಆಧಾರ್, ಮರಣ ಪತ್ರ ಒಂದಕ್ಕೊಂದು ಕೂಡದವರಿಗೆ ಎರಡರದು. ಒಂದು ಅಂಕ ನೇರವಾಗಿ ಕಡಿಮೆಯಾದದ್ದು ತಿರಸ್ಕಾರದ ಒಕ್ಕಣೆಗೆ. ‘ಅರ್ಹರಿರುವುದಿಲ್ಲ’ ಅಂತ ಒಂದೇ ಸಾಲು ಬಂದರೆ ಓದಿದವರಿಗೂ ಏನು ಸರಿಮಾಡಬೇಕೆಂದು ತಿಳಿಯುವುದಿಲ್ಲ. ಆದಾಯ ಎಷ್ಟು ಹೆಚ್ಚಾಯಿತು, ವಯಸ್ಸಿಗೆ ಎಷ್ಟು ಕಡಿಮೆ, ಯಾವ ಹೆಸರು ಕೂಡಲಿಲ್ಲ ಅನ್ನುವುದನ್ನು ಬರೆಯಲೇಬೇಕು.

ಆದ್ದರಿಂದ ಅರ್ಜಿ ಕೊಟ್ಟ ದಿನವೇ ಸಕಾಲ (ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಕಾಯ್ದೆ) ರಶೀದಿ ಕೇಳಿ ಪಡೆಯಿರಿ, ಅದರಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಮಾಸಾಶನಕ್ಕೆ ಸಕಾಲದ ಗಡುವು 45 ದಿನ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು, 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಿ. ವಿಜಯಪುರ ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿ ಕಚೇರಿ ಎರಡೇ ಇರುವುದು, ಒಂದು ವಿಜಯಪುರದಲ್ಲಿ, ಇನ್ನೊಂದು ಇಂಡಿಯಲ್ಲಿ. ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರುತ್ತದೆ ಅಂತ ನಾಡಕಚೇರಿಯಲ್ಲೇ ಕೇಳಿಕೊಂಡು ಹೊರಡಿ. ಮೇಲ್ಮನವಿಯ ಜೊತೆ ಹೊಸ ಆದಾಯ ಪ್ರಮಾಣಪತ್ರ, ವಾರ್ಸಾ ಆದ ಉತಾರ, ತಿರಸ್ಕಾರದ ಪ್ರತಿ ಮೂರನ್ನೂ ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ.