ಕಡಲ ಕುದುರೆಯ ಗುರುತಿಗೆ ಫೋಟೊ ಸಾಕೇ, ಡಿಎನ್ಎ ಬೇಕೇ?

ಬಣ್ಣ ನೋಡಿ ಕಡಲ ಕುದುರೆಯ ಜಾತಿ ಹೇಳುವವರನ್ನು ನಂಬಬೇಡಿ. ಸುತ್ತಲಿನ ಹುಲ್ಲು, ಹವಳಗಳಿಗೆ ತಕ್ಕಂತೆ ಅದು ಮೈಬಣ್ಣ ಬದಲಿಸುತ್ತದೆ.

ಫೋಟೊದಲ್ಲಿ ನೋಡಬೇಕಾದದ್ದು ಮೈಮೇಲಿನ ಉಂಗುರಗಳ ಎಣಿಕೆ, ನೆತ್ತಿಯ ಕಿರೀಟದ ಆಕಾರ, ಕೆನ್ನೆಯ ಮುಳ್ಳು. ಹಿಪೊಕ್ಯಾಂಪಸ್ ಟ್ರೈಮ್ಯಾಕ್ಯುಲೇಟಸ್ ಜಾತಿಗೆ ಹೆಸರು ಬಂದಿದ್ದು ಬೆನ್ನ ಮೇಲಿನ ಮೂರು ಚುಕ್ಕೆಗಳಿಂದ. ಆದರೆ ಚುಕ್ಕೆಗಳು ಎಲ್ಲದರಲ್ಲೂ ಕಾಣುವುದಿಲ್ಲ; ಕೆನ್ನೆಯ ಕೊಕ್ಕೆಯಂಥ ಮುಳ್ಳನ್ನು ನೆಚ್ಚಿಕೊಳ್ಳುವುದೇ ಲೇಸು. ಪಕ್ಕದಿಂದ ತೆಗೆದ ಸ್ಪಷ್ಟ ಚಿತ್ರವಿದ್ದರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಡಿಎನ್ಎ ಬೇಕಾಗುವುದು ಹಿಪೊಕ್ಯಾಂಪಸ್ ‘ಕುಡಾ’ ಮತ್ತು ಅದರ ಹತ್ತಿರದ ಜಾತಿಗಳಂಥ ಗೋಜಲು ಗುಂಪುಗಳಿಗೆ. ಅಲ್ಲಿ ನುಣುಪು ಮೈಯ ಒಂದನ್ನೊಂದು ಹೋಲುವ ಪ್ರಾಣಿಗಳೇ ಹೆಚ್ಚು, ಕಣ್ಣಳತೆ ಸೋಲುತ್ತದೆ. ಕಡಲ ಕುದುರೆಗಳ ಜಾತಿಪಟ್ಟಿಯ 2016ರ ಪರಿಷ್ಕರಣೆ ದೇಹರಚನೆ, ವಂಶವಾಹಿ ಎರಡನ್ನೂ ತೂಗಿ 41 ಜಾತಿಗಳನ್ನು ಒಪ್ಪಿತು. ಹಲವು ಹಳೆಯ ಹೆಸರುಗಳು ಅದರಲ್ಲಿ ಬಿದ್ದುಹೋದವು. ಆದರೆ ಭಾರತದಲ್ಲಿ ಕಡಲ ಕುದುರೆಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಅನುಮತಿಯಿಲ್ಲದೆ ಡಿಎನ್ಎ ಮಾದರಿಗೆಂದು ಹಿಡಿಯುವ ಹಾಗಿಲ್ಲ.

ಯಾವ ಜಾತಿ ಎಲ್ಲಿದೆ ಎಂದು ತೋರಿಸುವ ನಕ್ಷೆಯ ಮಾತಿಗೆ ಬಂದರೆ ನನ್ನ ಒಲವು ಫೋಟೊ ಕಡೆಗೇ. ಟ್ರಾಲ್ ಬಲೆಯಲ್ಲಿ ಸಿಕ್ಕ ಕುದುರೆಯ ಡಿಎನ್ಎ ಜಾತಿಯನ್ನು ಹೇಳೀತು, ಆದರೆ ಬಲೆಯನ್ನು ಕಿಲೋಮೀಟರುಗಟ್ಟಲೆ ಎಳೆದಿರುವಾಗ ಅದು ಎಲ್ಲಿ ಸಿಕ್ಕಿತೆಂದು ಹೇಳುವವರಾರು? ಮುಳುಗುಗಾರನ ಚಿತ್ರಕ್ಕೆ ಜಾಗ, ದಿನಾಂಕ, ಆಳ ಮೂರೂ ಇರುತ್ತವೆ. ಜನಸಾಮಾನ್ಯರೂ ಪಾಲ್ಗೊಳ್ಳುವ ‘ಐಸೀಹಾರ್ಸ್’ ಯೋಜನೆ ಇಂಥ ದಾಖಲೆಗಳನ್ನೇ ಕೂಡಿಡುತ್ತದೆ. ಹವ್ಯಾಸಿಯಾದರೆ ಅಲ್ಲಿಂದ ಶುರು ಮಾಡಿ, ಫ್ಲ್ಯಾಶ್ ಮಾತ್ರ ಬೇಡ.