ಫೋನ್ ಚೆನ್ನಾಗಿದೆ, ಆದರೆ ಜೇಬಿಗೆ ಹಾಕಿದ ಕೂಡಲೇ ಆಪ್ ನಿಂತುಹೋಗುತ್ತದೆ

ಏಳು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಮೊದಲ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಆಂಡ್ರಾಯ್ಡ್ ಫೋನ್, 8 ಜಿಬಿ ರ‍್ಯಾಮ್. ಸ್ಕ್ರೀನ್ ಚೆನ್ನಾಗಿದೆ, ಕ್ಯಾಮೆರಾ ಚೆನ್ನಾಗಿದೆ, ಒಂದು ಸಲ ಚಾರ್ಜ್ ಮಾಡಿದರೆ ಒಂದೂವರೆ ದಿನ ಆರಾಮಾಗಿ ಬರುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ತೊಂದರೆ ಬೇರೆ ಬೇರೆ ಕಂಪನಿಗಳ ಫೋನಲ್ಲೂ ಇದೆ. ಆ ಒಂದೂವರೆ ದಿನದ ಬ್ಯಾಟರಿ ಎಲ್ಲಿಂದ ಬರುತ್ತದೆ ಅನ್ನುವುದೇ ನನ್ನ ವಿಷಯ.

ಬೆಳಿಗ್ಗೆ ಓಡಲು ಹೋಗುತ್ತೇನೆ. ಓಟ ದಾಖಲಿಸುವ ಆಪ್ ಶುರು ಮಾಡಿ, ಸ್ಕ್ರೀನ್ ಆರಿಸಿ, ಜೇಬಿಗೆ ಹಾಕಿಕೊಂಡು ನಲವತ್ತು ನಿಮಿಷ ಓಡಿ ಬಂದು ನೋಡಿದರೆ, ಮ್ಯಾಪಿನಲ್ಲಿ ಮೊದಲ ಹತ್ತು ನಿಮಿಷದ ದಾರಿ ಸರಿಯಾಗಿದೆ, ಆಮೇಲೆ ಅಲ್ಲಿಂದ ನಾನು ಫೋನ್ ತೆಗೆದ ಜಾಗಕ್ಕೆ ಒಂದು ನೇರ ಗೆರೆ. ಮಧ್ಯದಲ್ಲಿ ಫೋನ್ ಆ ಆಪನ್ನು ನಿಲ್ಲಿಸಿಬಿಟ್ಟಿತ್ತು. ಇನ್ನೊಂದು ದಿನ ಉದ್ದದ ಫಾರ್ಮ್ ತುಂಬುತ್ತಿದ್ದೆ. ಒಟಿಪಿ ನೋಡಲು ಮೆಸೇಜಿಗೆ ಹೋಗಿ ವಾಪಸ್ ಬಂದೆ, ಅಷ್ಟರಲ್ಲಿ ಫಾರ್ಮ್ ರೀಲೋಡ್ ಆಗಿ ಪೂರ್ತಿ ಖಾಲಿ. ಅಮ್ಮನಿಗೆ ಮಾತ್ರೆ ನೆನಪಿಸುವ ಆಪ್ ಎರಡು ರಾತ್ರಿ ಸದ್ದೇ ಮಾಡಲಿಲ್ಲ. ಇದು ಮಾತ್ರ ನನಗೆ ನಿಜವಾಗಿ ಭಯ ಹುಟ್ಟಿಸಿತು.

ಸೆಟ್ಟಿಂಗ್ಸಲ್ಲಿ ದಾರಿ ಇಲ್ಲ ಅಂತಲ್ಲ. ಬ್ಯಾಟರಿ ಮಿತಿ ತೆಗೆಯಲು ಒಂದು ಕಡೆ, ಆಟೋಸ್ಟಾರ್ಟ್ (ಆಪ್ ತಾನಾಗಿ ಶುರುವಾಗಲು ಅನುಮತಿ) ಕೊಡಲು ಇನ್ನೊಂದು ಕಡೆ, ರೀಸೆಂಟ್ಸಲ್ಲಿ (ಈಚೆಗೆ ತೆರೆದ ಆಪ್‌ಗಳ ಪಟ್ಟಿ) ಆಪಿಗೆ ಬೀಗದ ಗುರುತು ಹಾಕುವುದು ಮತ್ತೊಂದು ಕಡೆ. ಮೂರನ್ನೂ ಮಾಡಿದೆ. ತಿಂಗಳೊಳಗೆ ಒಂದು ಅಪ್‌ಡೇಟ್ ಬಂತು, ಅದರಲ್ಲಿ ಎರಡು ಮೊದಲಿನಂತಾಗಿಬಿಟ್ಟವು. ನನಗೆ ಒಂದು ಮಾತೂ ತಿಳಿಸಲಿಲ್ಲ.

ಆಪ್‌ಗಳನ್ನು ಸುಮ್ನೆ ಬಿಟ್ಟುಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಬಿಟ್ಟರೆ ಒಂದೊಂದೂ ತನಗೆ ಬೇಕಾದಾಗ ಫೋನನ್ನು ಎಬ್ಬಿಸುತ್ತದೆ, ಬ್ಯಾಟರಿ ಸಂಜೆಯೊಳಗೆ ಮುಗಿಯುತ್ತದೆ. ಗೂಗಲ್ ಇದಕ್ಕೆ ಒಳ್ಳೆಯ ಕೆಲಸವನ್ನೇ ಮಾಡಿದೆ. 2015ರ ಆಂಡ್ರಾಯ್ಡ್ 6ರಲ್ಲಿ ಡೋಜ್ ಅನ್ನುವ ಬ್ಯಾಟರಿ ಉಳಿಸುವ ವ್ಯವಸ್ಥೆ ಬಂತು: ಚಾರ್ಜಿಗೆ ಹಾಕದ ಫೋನು ಸ್ಕ್ರೀನ್ ಆರಿಸಿಕೊಂಡು ಮೇಜಿನ ಮೇಲೆ ಅಲುಗಾಡದೆ ಬಿದ್ದಿದ್ದರೆ, ಆಪ್‌ಗಳ ಕೆಲಸವನ್ನೆಲ್ಲ ತಡೆದಿಟ್ಟು, ಆಗಾಗ ಒಟ್ಟಿಗೆ ಮಾಡಲು ಬಿಡುತ್ತದೆ. 2017ರ ಆಂಡ್ರಾಯ್ಡ್ 8 ಇನ್ನೂ ಬಿಗಿ ಮಾಡಿತು. ಹಿನ್ನೆಲೆಯಲ್ಲಿ ಬಿಡದೆ ಓಡಬೇಕಾದ ಆಪ್, ತಾನು ಓಡುತ್ತಿದ್ದೇನೆ ಅಂತ ನೋಟಿಫಿಕೇಶನ್ ತೋರಿಸಬೇಕು. ನ್ಯಾಯವಾದ ನಿಯಮ ಅಲ್ವಾ? ಏನು ನಡೆಯುತ್ತಿದೆ ಅಂತ ನನ್ನ ಕಣ್ಣಿಗೂ ಕಾಣುತ್ತದೆ. ನನ್ನ ಓಟದ ಆಪ್ ಆ ನೋಟಿಫಿಕೇಶನ್ ಸರಿಯಾಗಿಯೇ ತೋರಿಸುತ್ತಿತ್ತು. ನಿಯಮ ಪಾಲಿಸಿದ ಆಪನ್ನೂ ಫೋನ್ ಕಂಪನಿ ತನ್ನದೇ ಬ್ಯಾಟರಿ ಮ್ಯಾನೇಜರ್ ಇಟ್ಟು ಕೊಂದರೆ, ಆಪ್ ಬರೆದವರು ಇನ್ನೇನು ಮಾಡಬೇಕು? ಬೈಗುಳ ಬೇರೆ ಅವರಿಗೇ ಬೀಳುತ್ತದೆ.

ಮನೆಯಲ್ಲಿ ಐಫೋನೂ ಇದೆ. ಅದರಲ್ಲಿ ಶುರುವಿನಿಂದಲೂ ಬಿಗಿ ಜಾಸ್ತಿ. ಹೊರಗಿನವರ ಆಪ್‌ಗಳಿಗೆ ಮಲ್ಟಿಟಾಸ್ಕಿಂಗ್, ಅಂದರೆ ಹಿನ್ನೆಲೆಯಲ್ಲೂ ಕೆಲಸ ಮಾಡುವ ಅವಕಾಶ, ಸಿಕ್ಕಿದ್ದೇ 2010ರಲ್ಲಿ, ಐಫೋನಿನ ಸಾಫ್ಟ್‌ವೇರ್ ಆದ ಐಒಎಸ್‌ನ 4ನೇ ಆವೃತ್ತಿಯಲ್ಲಿ, ಅದೂ ಹಾಡು, ಇಂಟರ್ನೆಟ್ ಕರೆ, ದಾರಿ ತೋರಿಸುವುದು ಇಂಥ ಕೆಲವೇ ಕೆಲಸಗಳಿಗೆ. ಆದರೆ ನಿಯಮ ಎಲ್ಲರಿಗೂ ಒಂದೇ, ಆದ್ದರಿಂದ ಓಟದ ಆಪ್ ಅಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ತೊಂದರೆ ಇರುವುದು ಬೇರೆ ಕಡೆ: ಈ ಆಪಿಗೆ ಮಿತಿ ಬೇಡ ಅಂತ ನಾನು ಹೇಳಲು ಅಲ್ಲಿ ಜಾಗವೇ ಇಲ್ಲ. 2025ರ ಐಒಎಸ್ 26ರಲ್ಲಿ ಒಂದು ಒಳ್ಳೆಯದು ಸೇರಿದೆ. ನಾನೇ ಒತ್ತಿ ಶುರು ಮಾಡಿದ ಕೆಲಸವನ್ನು, ಉದಾಹರಣೆಗೆ ವಿಡಿಯೊ ಎಕ್ಸ್‌ಪೋರ್ಟ್, ಆಪಿನಿಂದ ಹೊರಬಂದ ಮೇಲೂ ಮುಂದುವರಿಸಬಹುದು. ಎಷ್ಟಾಯಿತು ಅಂತ ಸ್ಕ್ರೀನಲ್ಲಿ ಕಾಣುತ್ತದೆ, ಬೇಡವಾದರೆ ನಿಲ್ಲಿಸಬಹುದು. ಆಪ್ ಬರೆದವರು ಇದನ್ನು ಅಳವಡಿಸಿರಬೇಕು, ಅಷ್ಟೆ.

ನನಗೆ ಬೇಕಾಗಿರುವುದೂ ಇದೇ. ನಾನು ಕೈಯಾರೆ ಶುರು ಮಾಡಿದ್ದು ಮುಗಿಯುವವರೆಗೂ ನಡೆಯಲಿ. ಆಪ್ ತಾನಾಗಿ ಎದ್ದು ಮಾಡುವ ಕೆಲಸಕ್ಕೆ ಎಷ್ಟು ಬೇಕಾದರೂ ಕಡಿವಾಣ ಹಾಕಲಿ, ನನ್ನ ತಕರಾರಿಲ್ಲ. ರ‍್ಯಾಮ್ ಸಾಲದೆ ಒಂದು ಆಪನ್ನು ತೆಗೆಯಲೇಬೇಕಾದರೆ, ವಾಪಸ್ ಬಂದಾಗ ಟೈಪ್ ಮಾಡಿದ ಅಕ್ಷರಗಳು ಅಲ್ಲೇ ಇರಲಿ. ಇದರಲ್ಲಿ ಆಪ್ ಬರೆದವರ ಪಾಲೂ ಇದೆ, ನಿಜ. ಆದರೆ 8 ಜಿಬಿ ಇಟ್ಟುಕೊಂಡು ಎರಡು ಆಪ್ ನಡುವೆ ಓಡಾಡಲು ಆಗದಿದ್ದರೆ ಆ ರ‍್ಯಾಮ್ ಇದ್ದೇನು ಪ್ರಯೋಜನ?

ಹಾಗೆಯೇ ಈ ಫೋನಿನ 'ಎಲ್ಲ ಕ್ಲಿಯರ್ ಮಾಡಿ' ಬಟನ್ ಬಗ್ಗೆ ಒಂದು ಮಾತು. ಒತ್ತಿದರೆ ಇಷ್ಟು ರ‍್ಯಾಮ್ ಉಳಿಯಿತು ಅಂತ ತೋರಿಸುತ್ತದೆ. ದಯವಿಟ್ಟು ಅದನ್ನು ಒತ್ತುತ್ತಾ ಕೂರಬೇಡಿ. ಸಾಮಾನ್ಯವಾಗಿ ಹಿನ್ನೆಲೆಯಲ್ಲಿ ಸುಮ್ಮನಿರುವ ಆಪ್ ಬ್ಯಾಟರಿ ತಿನ್ನುವುದಿಲ್ಲ, ಮತ್ತೆ ಮೊದಲಿನಿಂದ ತೆರೆಯುವುದಕ್ಕೇ ಜಾಸ್ತಿ ಖರ್ಚು. ಆಪಲ್ ಕೂಡ ಆಪ್ ಸ್ಪಂದಿಸದೇ ಹೋದಾಗ ಮಾತ್ರ ಮುಚ್ಚಿ ಅನ್ನುತ್ತದೆ.

ವಿಡಿಯೊ ನೋಡಲು, ಫೋಟೊ ತೆಗೆಯಲು ಫೋನ್ ಬೇಕು ಅನ್ನುವವರು ಇದನ್ನು ಧೈರ್ಯವಾಗಿ ತಗೊಳ್ಳಿ. ಓಟ, ಮಾತ್ರೆ, ದೊಡ್ಡ ಡೌನ್‌ಲೋಡ್ ಇಂಥದ್ದಕ್ಕೆ ಆದರೆ ಬೇಡ. ನಾನು ಕೊಡುವುದು ಎರಡೂವರೆ ಸ್ಟಾರ್. ಅಮ್ಮನ ಮಾತ್ರೆ ಆಪನ್ನು ನನ್ನ ಹಳೇ ಫೋನಿಗೆ ಹಾಕಿ ಅವರ ಮಂಚದ ಪಕ್ಕ ಇಟ್ಟಿದ್ದೇನೆ, ಅಲ್ಲಿ ಇವತ್ತಿನವರೆಗೆ ಒಂದು ರಾತ್ರಿಯೂ ತಪ್ಪಿಲ್ಲ.