ಅಡಿಕೆ ಸುಲಿಯುತ್ತಾ ಕೇಳಿದ 1790: ಸರಣಿ ಚೆನ್ನಾಗಿದೆ, ಆದರೆ ದನ ಎಲ್ಲಿ ಹೋದವು?

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಡಿಕೆ ಸುಲಿತ ಶುರುವಾದರೆ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ ಕೂರಬೇಕು, ತೂಕಡಿಕೆ ಬರದ ಹಾಗೆ ಏನಾದರೂ ಕಿವಿಗೆ ಬೀಳುತ್ತಿರಬೇಕು. ಈ ಸಲ ಒಂದು ಆ್ಯಪ್‌ನಲ್ಲಿ 149 ರೂಪಾಯಿ ಕೊಟ್ಟು ಕನ್ನಡದ ಆಡಿಯೋ ಸರಣಿ ತಗೊಂಡೆ. ಹತ್ತು ಕಂತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬ್ರಿಟಿಷರು ಬಂದಿಳಿದು ಎರಡು ವರ್ಷ ಆಗಿದ್ದಾಗಿನ ಕಥೆ, ಅಂದರೆ 1790.

ಮೊದಲ ಕಂತು ಬೋರು. 11 ಹಡಗು, 1788ರ ಜನವರಿ 26, ಗವರ್ನರ್ ಆರ್ಥರ್ ಫಿಲಿಪ್, ಎಲ್ಲ ಶಾಲೆ ಪಾಠದ ಥರ ಓದಿಕೊಂಡು ಹೋಗುತ್ತಾರೆ. ಯುದ್ಧದಲ್ಲಿ ಸೋತು ಅಮೆರಿಕ ಕೈತಪ್ಪಿದ್ದಕ್ಕೆ ಕೈದಿಗಳನ್ನು ಸಾಗಿಸಲು ಬೇರೆ ಜಾಗ ಬೇಕಾಯಿತಂತೆ. ಆ ಯುದ್ಧದಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಕಾರ್ನ್‌ವಾಲಿಸನೇ 1791ರಲ್ಲಿ ಟಿಪ್ಪು ಮೇಲೆ ಬಂದು ಬೆಂಗಳೂರು ಹಿಡಿದವನು. ಕನ್ನಡದವರಿಗೆ ಅಂತಲೇ ಮಾಡಿದ ಮೇಲೆ ಅದನ್ನೂ ಒಂದು ಸಾಲು ಹೇಳಬಹುದಿತ್ತು ಅಲ್ವಾ.

ಮೂರನೇ ಕಂತಿನಿಂದ ನಮ್ಮ ಚಪ್ಪರದಲ್ಲಿ ಮಾತು ನಿಂತಿತು. ಸಾಮಾನು ಹೊತ್ತು ಬರುತ್ತಿದ್ದ ಗಾರ್ಡಿಯನ್ ಹಡಗು ದಾರಿಯಲ್ಲೇ ಹಿಮಗಡ್ಡೆಗೆ ಬಡಿದು ಹಾಳಾಗಿದೆ, ಸಿಡ್ನಿಯವರಿಗೆ ಅದು ಗೊತ್ತೇ ಇಲ್ಲ, ದಿನಾ ಸಮುದ್ರ ನೋಡುತ್ತಾ ಕೂತಿದ್ದಾರೆ. ಮಾರ್ಚ್ 19ಕ್ಕೆ ಇದ್ದ ದೊಡ್ಡ ಹಡಗು ಸಿರಿಯಸ್ ಕೂಡ ನಾರ್ಫೋಕ್ ದ್ವೀಪದ ಬಂಡೆಗೆ ಸಿಕ್ಕಿಕೊಂಡು ಹೋಯಿತು. ಉಳಿದದ್ದು ಸಪ್ಲೈ ಅನ್ನೋ ಸಣ್ಣ ಹಡಗು, ಅದನ್ನು ಆಹಾರ ತರಲಿ ಅಂತ ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಕ್ಕೆ, ಅಟ್ಟಿದರು. ಏಪ್ರಿಲ್‌ನಲ್ಲಿ ವಾರದ ರೇಷನ್ ತಲೆಗೆ ಎರಡೂವರೆ ಪೌಂಡ್ ಹಿಟ್ಟು, ಎರಡು ಪೌಂಡ್ ಅಕ್ಕಿ, ಎರಡು ಪೌಂಡ್ ಹಂದಿ ಮಾಂಸ. ಪೌಂಡ್ ಪೌಂಡ್ ಅಂತಲೇ ಹೇಳುತ್ತಾರೆ, ಕೆಜಿಗೆ ತಿರುಗಿಸಿ ಹೇಳೋದೇ ಇಲ್ಲ. ನಾನೇ ಲೆಕ್ಕ ಹಾಕಿ ಅಕ್ಕಿ ಸುಮಾರು 900 ಗ್ರಾಂ ಅಂದೆ. ದೊಡ್ಡಮ್ಮ ಕತ್ತಿಯಿಂದ ಕೈ ತೆಗೆದು, "ವಾರಕ್ಕಾ? ಎಂತ ಹೇಳ್ತಿಯಾ ಮಾರಾಯಾ" ಅಂದರು. ಮಾಂಸ ಉಪ್ಪು ಹಾಕಿ ಮೂರು ನಾಲ್ಕು ವರ್ಷ ಆಗಿದ್ದು. ಅಕ್ಕಿಯ ಒಂದೊಂದು ಕಾಳೂ ಒಳಗಿನ ಹುಳದಿಂದ ಓಡಾಡುತ್ತಿತ್ತಂತೆ. ಫಿಲಿಪ್ ತನ್ನ ಸ್ವಂತ ಹಿಟ್ಟನ್ನೂ ಉಗ್ರಾಣಕ್ಕೆ ಕೊಟ್ಟ, ಅವನ ಮನೆಗೆ ಊಟಕ್ಕೆ ಹೋಗೋರು ತಮ್ಮ ರೊಟ್ಟಿ ತಾವೇ ತಗೊಂಡು ಹೋಗಬೇಕಿತ್ತು. ಇದನ್ನು ಓದುವಾಗ ಆ ದನಿ ಎಲ್ಲೂ ಅಳು ತರಿಸೋಕೆ ಹೋಗುವುದಿಲ್ಲ, ಅದು ನನಗೆ ಬಹಳ ಇಷ್ಟ ಆಯಿತು.

ಆರನೇ ಕಂತು ಊಟ ಆದ ಮೇಲೆ ಕೇಳಬೇಡಿ. ಜೂನ್ ಕೊನೆಗೆ ಬಂದ ಎರಡನೇ ಹಡಗು ತಂಡದಲ್ಲಿ ಸಾವಿರದಷ್ಟು ಕೈದಿಗಳು ಹತ್ತಿದ್ದರು, ಕಾಲು ಭಾಗ ಜನ ದಾರಿಯಲ್ಲೇ ಸತ್ತರು. ಗುತ್ತಿಗೆದಾರರಿಗೆ ದುಡ್ಡು ಹತ್ತಿಸಿಕೊಂಡ ತಲೆಗೆ, ಜೀವಂತ ಇಳಿಸಿದ ತಲೆಗೆ ಅಲ್ಲ. ನಮ್ಮಲ್ಲಾದರೆ ಅಡಿಕೆ ಸುಲಿಯುವವರಿಗೂ ಸುಲಿದು ಡಬ್ಬ ತುಂಬಿದ ಮೇಲೇ ಲೆಕ್ಕ ಬರೆಯೋದು.

ಮೂಲ ನಿವಾಸಿಗಳಿಗೆ ಒಂದೇ ಕಂತು, ಇದು ಕಮ್ಮಿ ಆಯಿತು. 1789ರ ಸಿಡುಬಿನಲ್ಲಿ ಅಷ್ಟು ಜನ ಸತ್ತದ್ದು ಎರಡು ನಿಮಿಷ. ಸೆಪ್ಟೆಂಬರ್‌ನಲ್ಲಿ ಫಿಲಿಪ್‌ಗೆ ಭರ್ಜಿ ಬೀಳುವುದು, ಸೇಡು ಬೇಡ ಅಂತ ಅವನು ಹೇಳುವುದು ಮಾತ್ರ ಚೆನ್ನಾಗಿ ಬಂದಿದೆ, ಅಷ್ಟರಲ್ಲಿ ನಡುವೆ ಸೋಪಿನ ಜಾಹೀರಾತು. ದುಡ್ಡು ಕೊಟ್ಟ ಮೇಲೂ ಜಾಹೀರಾತು ಯಾಕೆ? ಇನ್ನೊಂದು, ಮನೆಯಲ್ಲಿ ನೆಟ್‌ವರ್ಕ್ ಇಲ್ಲದವರು ಪೇಟೆಗೆ ಹೋದಾಗಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಐದಕ್ಕೆ ಮೂರೂವರೆ. ಅರ್ಧ ಕಳೆದದ್ದು ದನಕ್ಕೆ. ಎರಡನೇ ಕಂತಿನಲ್ಲಿ, 1788ರಲ್ಲಿ ಇದ್ದ ಬೆರಳೆಣಿಕೆ ದನ ಕಾಡಿಗೆ ಹೋಗಿ ಕಾಣೆಯಾದವು ಅಂತಾರೆ, ಆಮೇಲೆ ಹತ್ತು ಕಂತು ಮುಗಿದರೂ ಸುದ್ದಿ ಇಲ್ಲ. ದೊಡ್ಡಮ್ಮ ದಿನಾ ರಾತ್ರಿ ಕೇಳೋದು ಅದೊಂದೇ, "ದನ ಬಂದ್ವೇನಾ?" ಕೊನೆಗೆ ನಾನೇ ಹುಡುಕಿದೆ. 1795ರಲ್ಲಿ ಸಿಕ್ಕವಂತೆ, ನೇಪಿಯನ್ ಹೊಳೆ ಆಚೆ, 40ಕ್ಕೂ ಜಾಸ್ತಿ ಆಗಿ, ಹುಲ್ಲು ಮೇಯುತ್ತಾ.

"ಕರಾವು ಎಷ್ಟಿತ್ತಂತೆ?" ಅಂದರು ದೊಡ್ಡಮ್ಮ.